ಸೈಕಲ್‌ಗೆ ಯಾವ ಎಂಜಿನ್ ಒಳ್ಳೆಯದು? ಈಗ ಹಾಕಿರೋ ಕಿಟ್ ಚಡಾವು ಹತ್ತುತ್ತಿಲ್ಲ

ತೋಟದಮನೆ (ತೀರ್ಥಹಳ್ಳಿ ಕಡೆ)
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟುಹೋಗಿದೆ, ನೇರ ವಿಷಯಕ್ಕೆ ಬರುತ್ತೇನೆ. ಆನ್‌ಲೈನ್‌ನಲ್ಲಿ ಟೂ ಸ್ಟ್ರೋಕ್ ಎಂಜಿನ್ ಕಿಟ್ ತರಿಸಿ ಸೈಕಲ್‌ಗೆ ಕೂರಿಸಿದೆ. ಡಬ್ಬದ ಮೇಲೆ 80 ಸಿಸಿ ಅಂತ ಇದೆ. ಸಪಾಟು ರಸ್ತೆಯಲ್ಲಿ ಚೆನ್ನಾಗಿಯೇ ಓಡುತ್ತದೆ. ಚಡಾವು ಬಂತೋ, ಕಥೆ ಮುಗಿಯಿತು. ಗೊರಗೊರ ಅಂದು ನಿಂತೇ ಹೋಗುತ್ತದೆ. ಇಳಿದು ತಳ್ಳಬೇಕು, ಈಗ ಎಂಜಿನ್ ಭಾರವೂ ಸೇರಿ. ಮಾರಿದವರಿಗೆ ಫೋನ್ ಮಾಡಿದರೆ "ರನ್ನಿಂಗ್ ಆಗಲಿ ಸರ್, ಸರಿ ಹೋಗುತ್ತೆ" ಅನ್ನುತ್ತಾರೆ. ಇದನ್ನು ಕಿತ್ತು ಬೇರೆ ಹಾಕೋಣ ಅಂತಿದ್ದೇನೆ. ಫೋರ್ ಸ್ಟ್ರೋಕಾ, ವೀಡ್ ಕಟರ್ ಎಂಜಿನ್ನಾ, ಬ್ಯಾಟರಿ ಮೋಟಾರಾ? ಬೇಗ ಹೇಳಿ, ಮಳೆಗಾಲ ಹತ್ತಿರ ಬಂತು.

ಜೆಟ್_ಸೂಜಿ (ದಾವಣಗೆರೆ)
ಮೊದಲನೆಯದಾಗಿ ಅದು 80 ಸಿಸಿ ಅಲ್ಲ. ಬೋರ್ (ಸಿಲಿಂಡರ್ ಅಗಲ) 47 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಟ) 38. ಲೆಕ್ಕ ಹಾಕಿದರೆ 66 ಸಿಸಿ ಬರುತ್ತದೆ. ಡಬ್ಬದ ಮೇಲೆ ಏನು ಬೇಕಾದರೂ ಬರೆಯುತ್ತಾರೆ.

ಎಂಜಿನ್ ಬದಲಿಸಬೇಡಿ. ನೂರಕ್ಕೆ ನೂರು ಕಾರ್ಬೊರೇಟರ್. ಲೋಡ್ ಬಿದ್ದಾಗ ಪೆಟ್ರೋಲ್ ಸಾಲದೆ ಲೀನ್ ಆಗುತ್ತಿದೆ. ಸ್ಲೈಡ್ ಒಳಗಿನ ಸೂಜಿಯ ಕ್ಲಿಪ್ ಒಂದು ಗೀರು ಕೆಳಗೆ ಹಾಕಿ, ಸೂಜಿ ಮೇಲೆ ಬರುತ್ತದೆ. ಪ್ಲಗ್ ಬಿಚ್ಚಿ ಬಣ್ಣ ಹೇಳಿ.

ತೋಟದಮನೆ
ಪ್ಲಗ್ ಕಾಫಿ ಪುಡಿ ಬಣ್ಣ ಇದೆ. ಕ್ಲಿಪ್ ಕೆಳಗೆ ಹಾಕಿ ನೋಡಿದೆ. ಈಗ ಸಪಾಟಲ್ಲೂ ಹೊಗೆ, ಚಡಾವಲ್ಲಿ ಅದೇ ಹಾಡು. ವಾಪಸ್ ಮೊದಲಿನ ಜಾಗಕ್ಕೇ ಹಾಕಿದೆ.

ಜೆಟ್_ಸೂಜಿ
ಮನೆಗೆ ಬಂದು ಬಿಚ್ಚಿದರೆ ಪ್ಲಗ್ ಸುಳ್ಳು ಹೇಳುತ್ತದೆ. ಚಡಾವಿನ ಮಧ್ಯೆ, ಫುಲ್ ತ್ರಾಟಲ್‌ನಲ್ಲಿ ಇರುವಾಗಲೇ ಕಿಲ್ ಸ್ವಿಚ್ ಒತ್ತಿ ಕ್ಲಚ್ ಹಿಡಿಯಿರಿ. ಅಲ್ಲೇ ಬಿಚ್ಚಿ. ಬೆಳ್ಳಗಿದ್ದರೆ ಲೀನ್. ಒದ್ದೆ ಕಪ್ಪಾದರೆ ರಿಚ್, ಅಂದರೆ ಪೆಟ್ರೋಲ್ ಜಾಸ್ತಿ. ಇನ್‌ಟೇಕ್ ಗ್ಯಾಸ್ಕೆಟ್ ಸುತ್ತ ಸೋಪಿನ ನೀರು ಹಚ್ಚಿ. ನಿಧಾನಕ್ಕೆ ಓಡುತ್ತಿರುವಾಗ ಅದನ್ನು ಒಳಗೆ ಎಳೆದುಕೊಂಡರೆ ಗಾಳಿ ಸೋರುತ್ತಿದೆ ಅಂತ ಅರ್ಥ. ಮೇನ್ ಜೆಟ್ (ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತಿರುಪು) ನಂಬರ್ ಎಷ್ಟು?

ಹುಬ್ಬಳ್ಳಿ_ಸ್ಪ್ಯಾನರ್
ರೀ, ಆಯಿಲ್ ಎಷ್ಟು ಹಾಕ್ತೀರಿ ಅದನ್ನ ಮೊದಲು ಹೇಳ್ರಿ. ಯಾರೂ ಕೇಳೇ ಇಲ್ಲ.

ತೋಟದಮನೆ
ಲೀಟರ್ ಪೆಟ್ರೋಲ್‌ಗೆ 60 ಎಂಎಲ್ ಟೂಟಿ ಆಯಿಲ್. ಪುಸ್ತಕದಲ್ಲಿ 16ಕ್ಕೆ 1 ಅಂತ ಇತ್ತು.

ಹುಬ್ಬಳ್ಳಿ_ಸ್ಪ್ಯಾನರ್
ನೋಡ್ರಿ, ಇಲ್ಲೇ ಐತಿ ರೋಗ. ಅಷ್ಟು ಎಣ್ಣೆ ಕುಡಿಸಿದರೆ ಯಾವ ಎಂಜಿನ್ ಎದ್ದೀತು? ಲೀಟರ್‌ಗೆ 30 ಎಂಎಲ್ ಸಾಕು.

ಜೆಟ್_ಸೂಜಿ
ಹೊಸ ಎಂಜಿನ್‌ಗೆ 30 ಎಂಎಲ್ ಹಾಕಿ ಪಿಸ್ಟನ್ ಜಾಮ್ ಮಾಡಿಸಬೇಡಿ ಅಣ್ಣಾ. ರನ್ನಿಂಗ್ ಇನ್ ಮುಗಿಯುವವರೆಗೆ 60 ಇರಲಿ, ಆಮೇಲೆ 40ಕ್ಕೆ ಇಳಿಸಿ. ಎಣ್ಣೆ ಜಾಸ್ತಿ ಆದರೆ ಪೆಟ್ರೋಲ್ ಪಾಲು ಕಡಿಮೆ ಆಗಿ ಮಿಕ್ಸ್ ಇನ್ನೂ ಲೀನ್ ಆಗುತ್ತದೆ. ಅದಕ್ಕೇ ಜೆಟ್ ಅಂದೆ.

ಹುಬ್ಬಳ್ಳಿ_ಸ್ಪ್ಯಾನರ್
ನಿಮಗೆ ಮನೆಯ ಫ್ಯಾನ್ ನಿಂತರೂ ಜೆಟ್ಟೇ ಕಾರಣ. ನಾನು ಈ ಕೆಲಸ ಮಾಡಿಯೇ ತಲೆ ಬೆಳ್ಳಗಾಗಿದ್ದು.

ಎಕ್ಸೆಲ್_ಭಕ್ತ (ಮಂಡ್ಯ)
ಗುರು, ಈ ಕಿಟ್ ಸಹವಾಸನೇ ಬೇಡ. ಹಳೇ ಟಿವಿಎಸ್ ಎಕ್ಸೆಲ್ ಸೂಪರ್ ಮೊಪೆಡ್ ಎಂಜಿನ್ ತಂದು ಕೂರಿಸು. 69.9 ಸಿಸಿ, ಬಂಗಾರ ಅದು. ನಾನು ನಮ್ಮಪ್ಪನ ಹಳೇ ಸೈಕಲ್‌ಗೆ ಟ್ಯೂಬು ಕೊಯ್ದು ವೆಲ್ಡ್ ಮಾಡಿಸಿ ಕೂರಿಸಿದ್ದೀನಿ. ಸೈಲೆನ್ಸರ್‌ಗೆ ಕ್ರೋಮ್, ಟ್ಯಾಂಕ್‌ಗೆ ಹಸಿರು ಬಣ್ಣ, ಮುಂದೆ ಡ್ರಮ್ ಬ್ರೇಕ್. ಹಬ್ಬದ ದಿನ ಹೊರಗೆ ತೆಗೆದರೆ ಜನ ನಿಂತು ನೋಡುತ್ತಾರೆ. ಫೋಟೋ ಹಾಕ್ತೀನಿ ಇರು.

ವೋಲ್ಟ್_ವಾಸು (ಬೆಂಗಳೂರು)
ಈ ಕಾಲದಲ್ಲೂ ಹೊಗೆ ಬಿಡುವ ಎಂಜಿನ್ ಯಾಕೆ ಸರ್? ಹಿಂದಿನ ಚಕ್ರಕ್ಕೆ 250 ವಾಟ್ ಹಬ್ ಮೋಟಾರ್, 36 ವೋಲ್ಟ್ ಲಿಥಿಯಂ ಬ್ಯಾಟರಿ. ಲೈಸೆನ್ಸ್ ಬೇಡ, ನಂಬರ್ ಬೇಡ. ಎಸ್.ಪಿ. ರೋಡಿಗೆ ಬಂದರೆ ಕಂಟ್ರೋಲರ್, ತ್ರಾಟಲ್ ಎಲ್ಲಾ ಸಿಗುತ್ತದೆ. ನಾನು ದಿನಾ ಆಫೀಸಿಗೆ ಅದರಲ್ಲೇ ಹೋಗುತ್ತೇನೆ, ಬೆವರೂ ಬರಲ್ಲ.

ಹಲ್ಲು_ಲೆಕ್ಕ (ಪುತ್ತೂರು)
ಒಂದು ನಿಮಿಷ ಮಾರಾಯ್ರೆ. ಎಂಜಿನ್ ಯಾವುದು ಅಂತ ಹೇಳುವ ಮೊದಲು ನಾಲ್ಕು ಮಾತು ಬೇಕು. ಚಕ್ರದ ಸೈಜು ಎಷ್ಟು? ಹಿಂದಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಹಲ್ಲು ಎಷ್ಟು? ಚಡಾವು ಎಷ್ಟು ಕಡಿದು? ಸೈಕಲ್ ಮೇಲೆ ಭಾರ ಏನಿದೆ? ಇನ್ನೊಂದು, ಚಡಾವಿನಲ್ಲಿ ಎಂಜಿನ್ ಸದ್ದು ಏರುತ್ತಾ, ಇಳಿಯುತ್ತಾ?

ತೋಟದಮನೆ
ಮಾಮೂಲಿ ಸೈಕಲ್ಲು, ದೊಡ್ಡದು, ರಾಡ್ ಬ್ರೇಕ್. ಸ್ಪ್ರಾಕೆಟ್ ಕಿಟ್ ಜೊತೆ ಬಂದಿದ್ದೇ. ಭಾರ ಅಂದರೆ ಹಾಲಿನ ಕ್ಯಾನ್, 20 ಲೀಟರ್. ಡೇರಿಗೆ ಹೋಗುವುದಕ್ಕಲ್ಲದೆ ಮತ್ಯಾಕೆ ಎಂಜಿನ್ ಹಾಕಿಸುತ್ತಾರೆ? ತೋಟದಿಂದ ಮೇಲಿನ ಟಾರ್ ರಸ್ತೆಗೆ ಬರುವುದೇ ಚಡಾವು. ನಮ್ಮ ಕಡೆ ಎಲ್ಲರ ಮನೆಗೂ ಹಾಗೇ, ಅದನ್ನೂ ಬಿಡಿಸಿ ಹೇಳಬೇಕಾ? ಸದ್ದು ಇಳಿಯುತ್ತದೆ, ಸೈಕಲ್ ನಿಧಾನ ಆದ ಹಾಗೆ ಅದೂ ಕುಗ್ಗುತ್ತದೆ.

ಜೆಟ್_ಸೂಜಿ
ಮೇನ್ ಜೆಟ್ ನಂಬರ್ ಇನ್ನೂ ಹೇಳಿಲ್ಲ.

ಹಲ್ಲು_ಲೆಕ್ಕ
ಹಾಗಾದರೆ ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಸದ್ದು ಏರಿ ಸೈಕಲ್ ನಿಂತಿದ್ದರೆ ಕ್ಲಚ್ ಜಾರುತ್ತಿದೆ ಅನ್ನಬಹುದಿತ್ತು. ಎರಡೂ ಒಟ್ಟಿಗೆ ಇಳಿಯುತ್ತಿದೆ, ಅಂದರೆ ಕ್ಲಚ್ ಹಿಡಿದಿದೆ. ಪ್ಲಗ್ ಬಣ್ಣ ಸರಿ ಇದೆ. ಎಂಜಿನ್‌ಗೆ ರೋಗ ಇಲ್ಲ. ಗೇರ್ ತಪ್ಪು.

ನಿಮ್ಮದು 28 ಇಂಚಿನ ಚಕ್ರ, ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತದೆ. ಈ ಎಂಜಿನ್ ಒಳಗೆ 20 ಮತ್ತು 82 ಹಲ್ಲಿನ ಗೇರ್ ಇದೆ, ಅಂದರೆ 4.1. ಹೊರಗೆ ಚಿಕ್ಕ ಸ್ಪ್ರಾಕೆಟ್ 10 ಹಲ್ಲು, ಹಿಂದಿನದು ಕಿಟ್‌ನದ್ದೇ ಆದರೆ 44. ಒಟ್ಟು 18, ಅಂದರೆ ಚಕ್ರದ ಒಂದು ಸುತ್ತಿಗೆ ಎಂಜಿನ್ 18 ಸುತ್ತು. ಚಡಾವಿನಲ್ಲಿ ನೀವು ಗಂಟೆಗೆ 12 ಕಿ.ಮೀ. ವೇಗಕ್ಕೆ ಇಳಿದಾಗ ಎಂಜಿನ್ ತಿರುಗುವುದು ನಿಮಿಷಕ್ಕೆ 1,650 ಸುತ್ತು ಮಾತ್ರ. ಅಷ್ಟರಲ್ಲಿ ಈ ಟೂ ಸ್ಟ್ರೋಕ್ ಐಡಲ್ ಬಿಟ್ಟು ಈಗಷ್ಟೇ ಎದ್ದಿರುತ್ತದೆ. ಜೆಟ್ ಬದಲಿಸಿದರೂ ಅಷ್ಟೇ, ಎಣ್ಣೆ ಬದಲಿಸಿದರೂ ಅಷ್ಟೇ.

ಈಗ ಭಾರ. ನೀವು, ಸೈಕಲ್, ಎಂಜಿನ್, ಕ್ಯಾನ್ ಎಲ್ಲಾ ಸೇರಿ 130 ಕೆಜಿ ಅಂತ ಇಟ್ಟುಕೊಳ್ಳಿ. 10 ಮೀಟರ್ ಹೋದರೆ 1 ಮೀಟರ್ ಏರುವ ದಾರಿಯಲ್ಲಿ 20 ಕಿ.ಮೀ. ವೇಗ ಬೇಕಾದರೆ ಚಕ್ರದಲ್ಲಿ ಸುಮಾರು 800 ವಾಟ್ ಬೇಕು. ಒಂದು ಹಾರ್ಸ್‌ಪವರ್‌ಗಿಂತ ಸ್ವಲ್ಪ ಜಾಸ್ತಿ. 66 ಸಿಸಿ ಅದನ್ನು ಕೊಡುತ್ತದೆ, ಆದರೆ ಮೇಲೆ ತಿರುಗಿದಾಗ. ಹಿಂದೆ 56 ಹಲ್ಲು ಹಾಕಿ. ಒಟ್ಟು 23 ಆಗುತ್ತದೆ. 20 ಕಿ.ಮೀ. ವೇಗದಲ್ಲಿ ಎಂಜಿನ್ 3,500 ಸುತ್ತಿನಲ್ಲಿ ಇರುತ್ತದೆ, ಈಗಿನ ಹಾಗೆ 2,700 ಅಲ್ಲ. ಕೆಳಗಿನಿಂದಲೇ ವೇಗ ಹಿಡಿದು ಬನ್ನಿ, ಮಧ್ಯದಲ್ಲಿ 12ಕ್ಕೆ ಇಳಿಯಲು ಬಿಡಬೇಡಿ. ಕೊನೆಗೆ ಸ್ವಲ್ಪ ಪೆಡಲ್ ಕೊಡಬೇಕಾಗಬಹುದು.

ವಾಸು ಅವರ ಹಬ್ ಮೋಟಾರ್ ಇಲ್ಲಿ ಆಗುವುದಿಲ್ಲ. 250 ವಾಟ್‌ನಲ್ಲಿ ಚಕ್ರಕ್ಕೆ 175 ತಲುಪಿದರೆ ಈ ಚಡಾವಿನಲ್ಲಿ 5 ಕಿ.ಮೀ. ವೇಗ. ಆ ನಿಧಾನದಲ್ಲಿ ಕರೆಂಟೆಲ್ಲಾ ಶಾಖ ಆಗಿ ವೈಂಡಿಂಗ್ ಸುಡುತ್ತದೆ.

ವೋಲ್ಟ್_ವಾಸು
1000 ವಾಟ್ ಹಾಕಿದರೆ ಆಯಿತಪ್ಪ. ಮಿಡ್ ಡ್ರೈವ್ ಇದೆ, ಪೆಡಲ್ ಚೈನಿಗೇ ಬಲ ಕೊಡುತ್ತದೆ, ಹಿಂದೆ ಗೇರ್ ಬದಲಿಸಬಹುದು.

ಹಲ್ಲು_ಲೆಕ್ಕ
ಮಿಡ್ ಡ್ರೈವ್ ಒಳ್ಳೆಯದೇ. ಆದರೆ ಆಗ ನಿಮ್ಮ 'ಲೈಸೆನ್ಸ್ ಬೇಡ' ಮಾತು ಬಿದ್ದುಹೋಯಿತಲ್ಲ? ವಿನಾಯಿತಿ ಇರುವುದು 250 ವಾಟ್‌ಗಿಂತ ಕಡಿಮೆ, 25 ಕಿ.ಮೀ.ಗಿಂತ ಕಡಿಮೆ ವೇಗದ ಗಾಡಿಗೆ.

ಹುಬ್ಬಳ್ಳಿ_ಸ್ಪ್ಯಾನರ್
ಕಾನೂನು ಅಂದರೆ ಪೆಟ್ರೋಲ್‌ಗೂ ಐತ್ರಿ. 25 ಸಿಸಿ ದಾಟಿದರೆ ಮೋಟಾರು ವಾಹನ. 66 ಸಿಸಿ ಸೈಕಲ್ ಟಾರ್ ರಸ್ತೆಗೆ ತಂದರೆ ಪೊಲೀಸರು ಹಿಡಿದರೂ ಮಾತಾಡೋಕೆ ಬಾಯಿ ಇರೋದಿಲ್ಲ. ಎಕ್ಸೆಲ್ ಎಂಜಿನ್‌ಗೂ ಅದೇ ಕಥಿ.

ಎಕ್ಸೆಲ್_ಭಕ್ತ
ನಮ್ಮೂರಲ್ಲಿ ಯಾರೂ ಕೇಳಲ್ಲ. ಫೋಟೋ ಹಾಕಿದ್ದೀನಿ ನೋಡಿ, ಹ್ಯಾಂಡಲ್ ಮೇಲಿನ ಗಂಟೆ ಹಿತ್ತಾಳೆದು.

ತೋಟದಮನೆ
ಡೇರಿ ಟಾರ್ ರಸ್ತೆಯ ಪಕ್ಕದಲ್ಲೇ ಇದೆ, ಹೆಚ್ಚೆಂದರೆ ರಸ್ತೆ ದಾಟಬೇಕು. ಅದು ಬಿಡಿ. ವೀಡ್ ಕಟರ್ ಬಗ್ಗೆ ಯಾರೂ ಹೇಳಲೇ ಇಲ್ಲ. ಮನೆಯಲ್ಲಿ ಹೊಂಡಾ ಜಿಎಕ್ಸ್35 ಇದೆ, ಫೋರ್ ಸ್ಟ್ರೋಕ್. ವರ್ಷದಲ್ಲಿ ಮುಕ್ಕಾಲು ಭಾಗ ಸುಮ್ನೆ ಗೋಡೆಗೆ ನೇತಾಡುತ್ತಿರುತ್ತದೆ.

ಹಲ್ಲು_ಲೆಕ್ಕ
35.8 ಸಿಸಿ, 7,000 ಸುತ್ತಿನಲ್ಲಿ ಸುಮಾರು 1 ಕಿಲೋವಾಟ್. ಎಂಜಿನ್ ಗಟ್ಟಿ, ಎಣ್ಣೆ ಬೆರೆಸುವ ರಗಳೆಯೂ ಇಲ್ಲ. ಆದರೆ ಅಷ್ಟು ಸುತ್ತನ್ನು ಚಕ್ರಕ್ಕೆ ಇಳಿಸಲು ಬೇರೆ ಗೇರ್‌ಬಾಕ್ಸ್ ಬೇಕು. ಅದರ ಕ್ಲಚ್ ಸೆಂಟ್ರಿಫ್ಯೂಗಲ್, ಸುತ್ತು ಏರಿದಾಗ ತಾನೇ ಹಿಡಿಯುವಂಥದ್ದು. ಚಡಾವಿನಲ್ಲಿ ಸುತ್ತು ಇಳಿದರೆ ಅರ್ಧ ಹಿಡಿದು ಅರ್ಧ ಜಾರಿ ಕ್ಲಚ್ ಶೂ ಸುಡುತ್ತದೆ. ಟೈರ್‌ಗೆ ರೋಲರ್ ಒತ್ತಿಸಿ ಓಡಿಸುವವರೂ ಇದ್ದಾರೆ. ನಿಮ್ಮ ಮಳೆಗೆ, ಆ ಕೆಸರಿಗೆ, ರೋಲರ್ ಟೈರ್ ಮೇಲೆ ಸುಮ್ನೆ ತಿರುಗುತ್ತಾ ಇರುತ್ತದೆ ಅಷ್ಟೇ. ಕಳೆ ಹೊಡೆಯಲು ಅದನ್ನು ಹಾಗೇ ಬಿಡಿ.

ತೋಟದಮನೆ
56 ಹಲ್ಲಿನದು ತರಿಸಿದೆ. ಚೈನ್ ಗಿಡ್ಡ ಬರುತ್ತಿದೆ. ಸ್ಪ್ರಾಕೆಟ್ ಫ್ರೇಮಿನ ಕೆಳಗಿನ ಪೈಪಿಗೆ ತಾಗುತ್ತಿದೆ, ತಿರುಗಿಸಿದರೆ ಕರಕರ ಅನ್ನುತ್ತದೆ. ಇದಕ್ಕೇನು?

ಹಲ್ಲು_ಲೆಕ್ಕ
12 ಹಲ್ಲು ಜಾಸ್ತಿ ಆಗಿದೆ, ಸುಮಾರು 6 ಲಿಂಕ್ ಸೇರಿಸಬೇಕು. ಸ್ಪ್ರಾಕೆಟ್ ಚಪ್ಪಟೆ ಇಲ್ಲ, ತಟ್ಟೆಯ ಹಾಗೆ ಒಂದು ಕಡೆ ಉಬ್ಬಿದೆ ನೋಡಿ. ಬಿಚ್ಚಿ ಮಗುಚಿ ಹಾಕಿದರೆ ಒಳಗೆ ಸರಿಯುತ್ತದೆ. ಆಗ ಚೈನ್ ಎಂಜಿನ್‌ಗೆ ನೇರ ಬರುತ್ತಾ ಅಂತ ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿ. ಕಡ್ಡಿಗಳ ಎರಡೂ ಕಡೆ ರಬ್ಬರ್ ಇರುತ್ತದಲ್ಲ, ಅದರ ಒಂಬತ್ತು ಬೋಲ್ಟನ್ನು ಒಂದೇ ಸಲ ಒಂದೇ ಕಡೆಯಿಂದ ಬಿಗಿಯಬೇಡಿ. ಎದುರು ಬದುರು, ಸ್ವಲ್ಪ ಸ್ವಲ್ಪ. ಇಲ್ಲದಿದ್ದರೆ ಸ್ಪ್ರಾಕೆಟ್ ಸೊಟ್ಟ ಕೂತು ಕಡ್ಡಿ ಮುರಿಯುತ್ತದೆ. ನಿಮ್ಮ ಹಿಂದಿನ ಚಕ್ರಕ್ಕೆ 40 ಕಡ್ಡಿ ಇರುವುದು ಪುಣ್ಯ.

ಇನ್ನು ಹತ್ತುವುದಕ್ಕಿಂತ ಇಳಿಯುವುದರ ಯೋಚನೆ ಮಾಡಿ. ಒದ್ದೆ ಸ್ಟೀಲ್ ರಿಮ್‌ಗೆ ರಾಡ್ ಬ್ರೇಕ್ ಹಿಡಿಯುವುದೇ ಇಲ್ಲ. ತ್ರಾಟಲ್ ಮುಚ್ಚಿ ಎಂಜಿನ್ ಮೇಲೆಯೇ ಉದ್ದಕ್ಕೆ ಇಳಿದರೆ ಪೆಟ್ರೋಲ್ ಜೊತೆ ಬರುವ ಎಣ್ಣೆಯೂ ನಿಲ್ಲುತ್ತದೆ. ನಡುನಡುವೆ ಕ್ಲಚ್ ಹಿಡಿದು ಒಂದು ಸಲ ರೈಸ್ ಮಾಡಿ.

ಎಕ್ಸೆಲ್_ಭಕ್ತ
ಅದಕ್ಕೇ ನಾನು ಮುಂದೆ ಡ್ರಮ್ ಹಾಕಿರೋದು. ಯಾರೂ ಫೋಟೋ ನೋಡಿಲ್ವಾ?

ತೋಟದಮನೆ
ಮಗುಚಿ ಹಾಕಿದೆ, ತಾಗುತ್ತಿಲ್ಲ. ಖಾಲಿ ಕ್ಯಾನ್ ಇಟ್ಟುಕೊಂಡು ಟಾರ್ ರಸ್ತೆಯವರೆಗೂ ಇಳಿಯದೆ ಬಂತು. ಸಪಾಟಲ್ಲಿ ಮೊದಲಿನ ವೇಗ ಇಲ್ಲ, ಕಿರುಚುತ್ತದೆ. ತುಂಬಿದ ಕ್ಯಾನ್ ನಾಳೆ ನೋಡಬೇಕು. 28 ಇಂಚಿನ ಮುಂದಿನ ಚಕ್ರಕ್ಕೆ ಡ್ರಮ್ ಬ್ರೇಕ್ ಹಬ್, 32 ಕಡ್ಡಿಯದು, ಶಿವಮೊಗ್ಗದಲ್ಲಿ ಎಲ್ಲಾದರೂ ಸಿಗುತ್ತದಾ?

ಜೆಟ್_ಸೂಜಿ
ಕಿರುಚುತ್ತದೆ ಅಂದರೆ ಮೇಲಿನ ಸುತ್ತಿನಲ್ಲಿ ಲೀನ್. ಜೆಟ್ ನಂಬರ್ ಹೇಳಿ ಸ್ವಾಮಿ.

ಹುಬ್ಬಳ್ಳಿ_ಸ್ಪ್ಯಾನರ್
ಎಣ್ಣೆ 30ಕ್ಕೆ ಇಳಿಸಿದ್ರೋ ಇಲ್ಲೋ?