ಪದಚರ್ಚೆ: ಶಾಲಾ ನಿಯಮಾವಳಿಯ ಕನ್ನಡದಲ್ಲಿ ‘ಬುಲ್ಲಿಯಿಂಗ್’, ‘ಸಲಿಂಗಕಾಮಿ’, ‘ತಾರತಮ್ಯ’

ಮಾನ್ಯರೇ,

ಎಲ್‌ಜಿಬಿಟಿ (ಲೆಸ್ಬಿಯನ್, ಗೇ, ಬೈಸೆಕ್ಷುಯಲ್, ಟ್ರಾನ್ಸ್‌ಜೆಂಡರ್) ವಿದ್ಯಾರ್ಥಿಗಳಿಗೆ ಸಹಪಾಠಿಗಳು ಮಾಡುವ ಬುಲ್ಲಿಯಿಂಗನ್ನೂ ಶಾಲೆಯೇ ತೋರುವ ತಾರತಮ್ಯವನ್ನೂ ತಡೆಯಲೆಂದು ಬರೆದಿರುವ ನಿಯಮಾವಳಿಯೊಂದರ ಕನ್ನಡ ಕರಡನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಇರುವುದು ನಾಲ್ಕೇ ಪುಟ. ಮೂರು ವಾರ ಕಳೆದರೂ ಎರಡನೆಯ ಪುಟ ದಾಟಲಾಗಿಲ್ಲ. ಅಡ್ಡ ನಿಂತಿರುವ ಪದಗಳನ್ನು ತಮ್ಮ ಮುಂದಿಡುತ್ತಿದ್ದೇನೆ.

ಮೊದಲನೆಯದು ‘ಬುಲ್ಲಿಯಿಂಗ್’. ಕರಡಿನಲ್ಲಿ ಎಲ್ಲ ಕಡೆಯೂ ‘ಕಿರುಕುಳ’ ಎಂದಿದೆ. ಸ್ವೀಡನ್ ಮತ್ತು ನಾರ್ವೆಗಳಲ್ಲಿ 1970ರ ದಶಕದಿಂದ ಈ ವಿಷಯವನ್ನು ಅಭ್ಯಾಸ ಮಾಡಿದ ಮನೋವಿಜ್ಞಾನಿ ಡಾನ್ ಓಲ್ವೆಯಸ್ ಇದಕ್ಕೆ ಮೂರು ಲಕ್ಷಣಗಳನ್ನು ಹೇಳಿದರು: ನೋಯಿಸುವ ಉದ್ದೇಶವಿರಬೇಕು, ಅದು ಮತ್ತೆ ಮತ್ತೆ ನಡೆಯಬೇಕು, ನೋಯುವವನಿಗೆ ಎದುರಿಸಿ ನಿಲ್ಲಲಾಗದಷ್ಟು ಬಲದ ಅಂತರವಿರಬೇಕು. ಈ ಮೂರನ್ನು ಹಿಡಿದು ನಮ್ಮ ಪದಗಳನ್ನು ಒರೆಗೆ ಹಚ್ಚಿದರೆ ಒಂದೊಂದೂ ಒಂದೊಂದು ಕಡೆ ಸೋರುತ್ತದೆ. ‘ಕೀಟಲೆ’, ‘ಚೇಷ್ಟೆ’, ‘ರೇಗಿಸುವುದು’ ಸರೀಕರ ನಡುವಿನ ಮಾತುಗಳು. ಅವುಗಳಲ್ಲಿ ತಪ್ಪು ಮಾಡಿದವನಿಗೆ ಮುಂಚಿತವಾಗಿಯೇ ಕ್ಷಮೆ ಸಿಕ್ಕಿರುತ್ತದೆ. ‘ದಬ್ಬಾಳಿಕೆ’ಯಲ್ಲಿ ಬಲದ ಅಂತರವಿದೆ, ಆದರೆ ಅದು ಆಳುವವರ ನಡತೆಗೆ ಒಪ್ಪುವ ಪದ; ನಗುನಗುತ್ತಲೇ ನಡೆಯುವ ಹಿಂಸೆಯನ್ನು ಅದು ಹಿಡಿಯದು. ‘ರ‍್ಯಾಗಿಂಗ್’ ಹೊಸಬರ ಮೇಲೆ ಹಳಬರು ಮಾಡುವಂಥದ್ದು, ಹೊಸಬ ಹಳಬನಾದಾಗ ಮುಗಿಯುವಂಥದ್ದು. ಇಲ್ಲಿ ಆ ಬಿಡುಗಡೆಯೂ ಇಲ್ಲ. ‘ಕಾಟ’ದಲ್ಲಿ ಪುನರಾವರ್ತನೆಯೂ ಅಸಹಾಯಕತೆಯೂ ಸೊಗಸಾಗಿ ಕೂಡಿವೆಯಾದರೂ ಸೊಳ್ಳೆಯೂ ಕಾಟ ಕೊಡುತ್ತದೆ, ಅದಕ್ಕೆ ಉದ್ದೇಶವೆಂಬುದಿಲ್ಲ. ‘ಕಿರುಕುಳ’ದ ವಿಷಯದಲ್ಲಿ ನನ್ನ ಅಳುಕು ಆ ‘ಕಿರು’ವಿನದು, ಎಷ್ಟೇ ಗಂಭೀರವಾಗಿ ಬಳಸಿದರೂ ಸಣ್ಣದೆಂಬ ದನಿ ಅದರಿಂದ ಪೂರ್ತಿ ಹೋಗುವುದಿಲ್ಲ.

ಮಕ್ಕಳು ತಾವಾಗಿ ಹೇಳುವ ಮಾತು ಬೇರೆಯೇ ಇದೆ: ‘ಅವರೆಲ್ಲ ಸೇರಿ ನನ್ನನ್ನು ಗೋಳುಹೊಯ್ದುಕೊಳ್ಳುತ್ತಾರೆ.’ ಇದರ ಕೊನೆಯ ‘ಕೊಳ್ಳು’ವನ್ನು ಗಮನಿಸಬೇಕು. ಗೋಳು ಒಬ್ಬನದು, ಅದರಿಂದ ಬರುವ ಸುಖ ಇನ್ನೊಬ್ಬನದು ಎಂಬುದನ್ನು ಆ ಒಂದು ಸಹಾಯಕ ಕ್ರಿಯಾಪದ ಹೇಳಿಬಿಡುತ್ತದೆ. ತೊಡಕು ಎರಡು. ಅಜ್ಜಿಯನ್ನು ಮೊಮ್ಮಗ ಅಕ್ಕರೆಯಿಂದ ಗೋಳುಹೊಯ್ದುಕೊಳ್ಳುವುದೂ ಉಂಟು. ಜೊತೆಗೆ ಇದರಿಂದ ನಿಯಮಾವಳಿಗೆ ಬೇಕಾದ ನಾಮಪದ ಹುಟ್ಟುವುದಿಲ್ಲ, ‘ಗೋಳಾಟ’ವೆಂದರೆ ನೋಯುವವನ ಕಡೆಗೇ ಹೋಗಿಬಿಡುತ್ತದೆ. ಬೇರೆ ನುಡಿಗಳವರಿಗೂ ಇದು ಸುಲಭವಾಗಿ ದಕ್ಕಿದ ಪದವಲ್ಲವೆಂಬುದು ನನಗೊಂದು ಸಮಾಧಾನ. ಇಂಗ್ಲಿಷಿನ ‘ಬುಲ್ಲಿ’ 16ನೆಯ ಶತಮಾನದಲ್ಲಿ ಪ್ರೀತಿಪಾತ್ರರನ್ನು ಕರೆಯುವ ಮಾತಾಗಿತ್ತು. ಸ್ವೀಡನ್ನಿನ ವೈದ್ಯ ಹೈನೆಮಾನ್ 1969ರಲ್ಲಿ ಶಾಲಾಮಕ್ಕಳ ನಡತೆಗೆ ಬಳಸಿದ ‘ಮೊಬ್ನಿಂಗ್’, ಹಕ್ಕಿಗಳು ಗುಂಪುಗೂಡಿ ಒಂದು ಪ್ರಾಣಿಯ ಮೇಲೆರಗುವುದರ ವರ್ಣನೆಯಿಂದ ಬಂದದ್ದು.

ಎರಡನೆಯ ಗಂಟು ಮಕ್ಕಳನ್ನು ಹೆಸರಿಸುವ ಪದಗಳದು. ಹದಿಮೂರು ವರ್ಷದ ಮಗುವನ್ನು ‘ಸಲಿಂಗಕಾಮಿ ವಿದ್ಯಾರ್ಥಿ’ ಎಂದು ಬರೆಯಲು ನನ್ನ ಕೈ ಏಳುವುದಿಲ್ಲ. ಕನ್ನಡದಲ್ಲಿ ‘ಕಾಮಿ’ ಎಂಬುದು ಒಲವನ್ನಲ್ಲ, ಲಂಪಟತನವನ್ನು ಸೂಚಿಸುತ್ತದೆ. ‘ಸಲಿಂಗಪ್ರೇಮಿ’ ಎಂಬುದು ಈಗ ಸಾಕಷ್ಟು ಬಳಕೆಯಲ್ಲಿದ್ದು, ಅದನ್ನೇ ಇಟ್ಟುಕೊಳ್ಳುವ ಯೋಚನೆಯಿದೆ. ಗಂಡು, ಹೆಣ್ಣು ಎರಡರತ್ತಲೂ ಒಲವಿರುವ ‘ಬೈಸೆಕ್ಷುಯಲ್’ಗೆ ಕರಡು ‘ದ್ವಿಲಿಂಗಿ’ ಎನ್ನುತ್ತದೆ. ಆದರೆ ಕೇಸರವೂ ಶಲಾಕೆಯೂ ಒಂದರಲ್ಲೇ ಇರುವ ಹೂವನ್ನು ವಿಜ್ಞಾನದ ಪಾಠ ದ್ವಿಲಿಂಗಿ ಎಂದು ಕಲಿಸಿರುವಾಗ, ಒಲವನ್ನು ಕುರಿತ ಮಾತನ್ನು ಮಕ್ಕಳು ದೇಹರಚನೆಯ ಮಾತೆಂದೇ ಓದಿಕೊಳ್ಳುತ್ತಾರೆ. ‘ಉಭಯಲಿಂಗಿ’ಗೂ ಇದೇ ಆಕ್ಷೇಪ. ‘ಟ್ರಾನ್ಸ್‌ಜೆಂಡರ್’ ಎಂಬುದನ್ನು ಹಾಗೆಯೇ ಬಿಡುವುದು ಲೇಸೆಂದು ತೋರುತ್ತದೆ. ‘ತೃತೀಯಲಿಂಗಿ’ ಎಂದರೆ ತನ್ನನ್ನು ಹುಡುಗಿಯೆಂದೇ ತಿಳಿದಿರುವ ಮಗುವನ್ನು ಅವಳು ಕೇಳದ ಮೂರನೆಯ ಸಾಲಿನಲ್ಲಿ ನಿಲ್ಲಿಸಿದಂತಾಗುತ್ತದೆ.

ಇನ್ನು ‘ಅವಾಚ್ಯ ಶಬ್ದಗಳಿಂದ ನಿಂದಿಸುವುದು’ ಎಂಬ ನುಡಿಗಟ್ಟು. ಠಾಣೆಯ ದೂರಿನಿಂದ ನೇರವಾಗಿ ಇಲ್ಲಿಗೆ ಬಂದಿರುವ ಈ ಮಾತಿನ ಬಗ್ಗೆ ನನ್ನ ತಕರಾರು ಹಳೆಯದು. ನಾನು ಓದುತ್ತಿದ್ದ ಶಾಲೆಯಲ್ಲಿ ಮೇಷ್ಟ್ರು ಪುಲ್ಲಿಂಗ, ಸ್ತ್ರೀಲಿಂಗಗಳನ್ನು ಮುಗಿಸಿ ‘ನಪುಂಸಕಲಿಂಗ’ ಎಂದು ಹಲಗೆಯ ಮೇಲೆ ಬರೆಯುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ಕೆಮ್ಮು ಕೇಳಿಬರುತ್ತಿತ್ತು. ಕಿಟಕಿಯ ಪಕ್ಕ ಕೂರುತ್ತಿದ್ದ ಒಬ್ಬ ಹುಡುಗ ಪುಸ್ತಕದ ಮೇಲೆ ಇನ್ನಷ್ಟು ಬಾಗುತ್ತಿದ್ದ. ಹಾಜರಿ ಕರೆಯುವಾಗ ‘ಒಂಬತ್ತು’ ಬಂದರೂ ಅದೇ ಕೆಮ್ಮು, ಆ ಸಂಖ್ಯೆ ಅವನದಲ್ಲದಿದ್ದರೂ. ಮೇಷ್ಟ್ರು ಮೇಜು ತಟ್ಟಿ ಮುಂದಕ್ಕೆ ಹೋಗುತ್ತಿದ್ದರು. ಅಲ್ಲಿ ಯಾರೂ ಅವಾಚ್ಯವಾದದ್ದೇನನ್ನೂ ಆಡಲಿಲ್ಲ. ಒಂದು ಪದ ವ್ಯಾಕರಣದ್ದು, ಇನ್ನೊಂದು ಗಣಿತದ್ದು. (ಹದಿಮೂರನೆಯ ಶತಮಾನದ ಕೇಶಿರಾಜ ಕನ್ನಡಕ್ಕೆ 9 ಲಿಂಗಗಳನ್ನು ಎಣಿಸಿದ್ದಾನೆಂಬುದು ಆ ಬೆಂಚಿನವರಿಗೆ ತಿಳಿಯದೆ ಇದ್ದದ್ದೇ ಪುಣ್ಯ.) ಇದೇ ಜಾತಿಯದು ‘ಅದು’. ‘ಅದು ಬಂತು ನೋಡು’ ಎಂದರೆ ಸಾಕು, ಮೂರು ಸಾಧು ಪದಗಳಲ್ಲಿ ಒಬ್ಬರನ್ನು ಮನುಷ್ಯರ ಸಾಲಿನಿಂದ ತೆಗೆದುಹಾಕಿದಂತೆ. ಆದ್ದರಿಂದ ‘ಅವಾಚ್ಯ ಶಬ್ದ’ದ ಬದಲು ‘ಯಾವುದೇ ಮಾತು, ದನಿ ಅಥವಾ ಸನ್ನೆಯಿಂದ ಹೀಯಾಳಿಸುವುದು’ ಎಂದು ತಿದ್ದಿದ್ದೇನೆ.

ಅದೇ ವಾಕ್ಯದಲ್ಲಿ ‘ಎಲ್‌ಜಿಬಿಟಿ ಎಂದು ಪರಿಗಣಿಸಲ್ಪಟ್ಟ’ ಎಂದಿರುವುದೂ ಸರಿಕಾಣದು. ಹಾಗಲ್ಲದಿದ್ದರೂ ನಡೆನುಡಿಯಿಂದಾಗಿ ಇತರರ ಕಣ್ಣಿಗೆ ಹಾಗೆ ಕಾಣುವ ಮಕ್ಕಳೂ ಗುರಿಯಾಗುತ್ತಾರೆಂದು ಯುನೆಸ್ಕೋದ 2016ರ ವರದಿ ಹೇಳುತ್ತದೆ. ನಿಯಮ ಅವರನ್ನೂ ಒಳಗೊಳ್ಳಬೇಕು. ಆದರೆ ‘ಪರಿಗಣಿಸು’ ಎಂದರೆ ಯಾರೋ ಅಧಿಕಾರಿ ಕಡತ ನೋಡಿ ತೀರ್ಮಾನಿಸಿದ ಹಾಗಿದೆ. ‘ಹಾಗೆಂದು ಇತರರು ಎಣಿಸಿದ’ ಎಂದರೆ ಸಾಲದೇ?

‘ತಾರತಮ್ಯ’ದ ಬಗ್ಗೆ ಹೆಚ್ಚು ಹೇಳುವುದಿಲ್ಲ. ತರ–ತಮಗಳಿಂದ ಬಂದ ಈ ಪದ ಹಿಂದೆ ವಿವೇಕವನ್ನು ಹೇಳುತ್ತಿತ್ತು; ತಾರತಮ್ಯಜ್ಞಾನವಿಲ್ಲದವನೆಂದರೆ ಬೈಗುಳವಾಗಿತ್ತು. ಈಗ ತಾರತಮ್ಯ ಮಾಡುವವನೇ ಬೈಸಿಕೊಳ್ಳುತ್ತಾನೆ. ಹೊಸ ಅರ್ಥ ನೆಲೆಯೂರಿರುವುದರಿಂದ ಅದನ್ನು ಉಳಿಸುತ್ತೇನೆ. ‘ಭೇದಭಾವ’ದಲ್ಲಿರುವ ‘ಭಾವ’ ಮನಸ್ಸಿನೊಳಗಿನದು, ಪ್ರವಾಸಕ್ಕೆ ಹೆಸರು ಸೇರಿಸದಿರುವುದು ಭಾವವಲ್ಲ, ಕೃತ್ಯ.

ಬಲ್ಲವರಲ್ಲಿ ನನ್ನ ಪ್ರಶ್ನೆ ಎರಡೇ. ‘ಬುಲ್ಲಿಯಿಂಗ್’ ಅನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಇಟ್ಟು ಮೂರು ಲಕ್ಷಣಗಳನ್ನು ಪಕ್ಕದಲ್ಲಿ ವಿವರಿಸುವುದು ಲೇಸೋ, ‘ಕಿರುಕುಳ’ಕ್ಕೇ ಆ ಭಾರ ಹೊರಿಸುವುದು ಲೇಸೋ? ಎರಡನೆಯದಾಗಿ, ಮಗು ತಾನೇ ತುಂಬುವ ದೂರಿನ ನಮೂನೆಯಲ್ಲಿ ‘ನಿನ್ನನ್ನು ಯಾರಾದರೂ ಗೋಳುಹೊಯ್ದುಕೊಳ್ಳುತ್ತಿದ್ದಾರೆಯೇ?’ ಎಂದು ಕೇಳಿದರೆ, ಬೇರೆ ಬೇರೆ ಸೀಮೆಯ ಮಕ್ಕಳಿಗೆ ಅದು ಒಂದೇ ಅರ್ಥದಲ್ಲಿ ತಲುಪುವುದೇ? ತಮ್ಮ ಕಡೆಯ ಮಕ್ಕಳು ಇದಕ್ಕೆ ಬೇರೆ ಮಾತು ಬಳಸುತ್ತಿದ್ದರೆ, ಅವರು ಆಡಿದ ವಾಕ್ಯವನ್ನೇ ತಿದ್ದದೆ ಬರೆದು ಕಳಿಸಬೇಕೆಂದು ಕೋರುತ್ತೇನೆ.