ಅಪ್‌ಡೇಟ್: ಹಳೆಯ ರೋಲೆಕ್ಸ್ ವಾಚ್ (ಸಬ್‌ಮರೀನರ್, ಮಾಡೆಲ್ 16610), ಮೈಸೂರು

ಬಾಕ್ಸ್, ವಾರಂಟಿ ಕಾರ್ಡ್ ಎರಡೂ ಇರುವ ಸೆಕೆಂಡ್ ಹ್ಯಾಂಡ್ ರೋಲೆಕ್ಸ್ ನಂಬಬಹುದೇ ಎಂದು ಕೇಳಿದ್ದೆ. ಅವೆರಡನ್ನೇ ನೋಡಿ ನಂಬಲಾಗದು; ಕಾರ್ಡೂ ನಕಲಿ ಬರುತ್ತದೆ.

ದೇವರಾಜ ಅರಸು ರಸ್ತೆಯ ವಾಚ್ ರಿಪೇರಿಯವರೊಬ್ಬರು ಮೊದಲು ಬ್ರೇಸ್‌ಲೆಟ್ ಬಿಚ್ಚಿಸಿದರು. ಈ ಮಾಡೆಲ್‌ನಲ್ಲಿ 6 ಗಂಟೆಯ ಕಡೆ ಲಗ್‌ಗಳ (ಬ್ರೇಸ್‌ಲೆಟ್ ಸಿಕ್ಕಿಸುವ ಕೊಂಬುಗಳ) ನಡುವೆ ಸೀರಿಯಲ್ ನಂಬರ್, 12ರ ಕಡೆ ಮಾಡೆಲ್ ನಂಬರ್ ಇರಬೇಕು. ಸೀರಿಯಲ್ ಕಾರ್ಡಿಗೆ ತಾಳೆಯಾಯಿತು. ಆಮೇಲೆ ಹಿಂಬದಿ ಮುಚ್ಚಳ ತೆಗೆಸಿದೆ, ಇದನ್ನಂತೂ ಬಿಡಲೇಬೇಡಿ. ಒಳಗೆ ರೋಲೆಕ್ಸ್‌ನ 3135 ನಂಬರಿನ ಮಷೀನ್ ಇರಬೇಕು: ಅದರಲ್ಲಿ ಬ್ಯಾಲೆನ್ಸ್ ಬ್ರಿಡ್ಜ್‌ಗೆ (ಅತ್ತಿತ್ತ ಆಡುವ ಬ್ಯಾಲೆನ್ಸ್ ಚಕ್ರವನ್ನು ಹಿಡಿದಿರುವ ಪಟ್ಟಿಗೆ) ಎರಡೂ ಬದಿ ಸ್ಕ್ರೂ. ಒಂದೇ ಬದಿ ಹಿಡಿದಿದ್ದರೆ ಅಲ್ಲಿಗೇ ಮಾತು ಮುಗಿಯಿತು. ಒಳ್ಳೆಯ ನಕಲುಗಳು ಇದನ್ನೂ ಅನುಕರಿಸುವುದರಿಂದ ಮಷೀನಿನ ಕೆತ್ತನೆ, ಫಿನಿಶ್ ಎರಡನ್ನೂ ಲೂಪ್‌ನಲ್ಲಿ (ಭೂತಗನ್ನಡಿಯಲ್ಲಿ) ನೋಡಿಸಿ. ವಾಚಿನ ಓಟ ಅಳೆಯುವ ಟೈಮ್‌ಗ್ರಾಫರ್‌ ಯಂತ್ರದಲ್ಲಿ ಲಿಫ್ಟ್ ಆಂಗಲ್ ಎಂಬ ಸೆಟ್ಟಿಂಗ್ ಈ ಮಷೀನಿಗೆ 52 ಡಿಗ್ರಿ ಇಡದಿದ್ದರೆ ಆಂಪ್ಲಿಟ್ಯೂಡ್ (ಬ್ಯಾಲೆನ್ಸ್ ಚಕ್ರ ಎಷ್ಟು ತಿರುಗುತ್ತದೆ ಎಂಬ ಅಳತೆ) ತಪ್ಪು ತೋರಿಸುತ್ತದೆ.

ಹಣ ಆರ್‌ಟಿಜಿಎಸ್‌ನಲ್ಲೇ. ₹2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವುದು ಕಾನೂನುಬಾಹಿರ. ರಸೀದಿಯಲ್ಲಿ ಸೀರಿಯಲ್ ನಂಬರ್ ಬರೆಸಿಕೊಂಡೆ.