ಅಪ್‌ಡೇಟ್: ಹವಾಯಿ ಪದಗಳು ಚೌಕವಾಗುತ್ತಿದ್ದ ತೊಂದರೆ ಬಗೆಹರಿಯಿತು

ಹೋದ ವಾರ ಕೇಳಿದ್ದೆನಲ್ಲ, ಹವಾಯಿ ಮೌಲ್ಯಗಳ ವಿದ್ಯಾರ್ಥಿ ಸ್ಪರ್ಧೆಗೆ ‘ಮಾಲಮ ಆಇನ’ (ನೆಲವನ್ನು ಪೋಷಿಸುವುದು) ಎಂಬ ವಿಡಿಯೊ, ಪೋಸ್ಟರ್ ಮಾಡುವಾಗ ಇಂಗ್ಲಿಷ್ ಲಿಪಿಯಲ್ಲಿ ಬರೆದ ಹವಾಯಿ ಪದಗಳು ಸರಿಯಾಗಿ ಕಾಣುತ್ತಿಲ್ಲ ಅಂತ. ಸಬ್‌ಟೈಟಲ್‌ನಲ್ಲಿ ಸ್ವರದ ಮೇಲಿನ ಗೆರೆ (ದೀರ್ಘದ ಗುರುತು) ಮಾಯ, ಪೋಸ್ಟರ್‌ನಲ್ಲಿ ಖಾಲಿ ಚೌಕ. ನೋಡಿದರೆ ಎರಡೂ ಬೇರೆಬೇರೆ ಕಾಯಿಲೆ.

ಸಬ್‌ಟೈಟಲ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು, ‘ಸೇವ್ ಆ್ಯಸ್’ನಲ್ಲಿ ಎನ್‌ಕೋಡಿಂಗ್ (ಅಕ್ಷರಗಳನ್ನು ಉಳಿಸುವ ಬಗೆ) ‘ಆನ್ಸಿ’ ಇದ್ದದ್ದನ್ನು ‘ಯುಟಿಎಫ್-8’ ಮಾಡಿ, ಕಳೆದುಹೋದ ಗೆರೆಗಳನ್ನು ಮತ್ತೆ ಟೈಪಿಸಿದ್ದಕ್ಕೆ ಸರಿಹೋಯಿತು. ಸಲಹೆ ಕೊಟ್ಟವರಿಗೆ ಥ್ಯಾಂಕ್ಸ್. ಚೌಕ ಹೋಗಿದ್ದು ಫಾಂಟ್ ಬದಲಿಸಿ ‘ನೋಟೊ ಸ್ಯಾನ್ಸ್’ ಹಾಕಿದ ಮೇಲೆ. ಅಲಂಕಾರದ ಫಾಂಟ್‌ಗಳಲ್ಲಿ ಎಷ್ಟೋ ಸಲ ಈ ಅಕ್ಷರಗಳೇ ಇರುವುದಿಲ್ಲ.

‘ಒಕಿನ’ (ಹವಾಯಿ ಪದಗಳಲ್ಲಿ ಬರುವ, ಉದ್ಧರಣ ಚಿಹ್ನೆಯಂತೆ ಕಾಣುವ ಅಕ್ಷರ) ಬದಲು ಮಾಮೂಲಿ ಉದ್ಧರಣ ಚಿಹ್ನೆ ಹಾಕಿ ಎಂಬ ಸಲಹೆ ಮಾತ್ರ ಕೈಕೊಟ್ಟಿತು. ಪದದ ನಡುವೆ ಬಂದರೆ ಸಾಫ್ಟ್‌ವೇರ್ ಅದನ್ನು 9ರ ಆಕಾರಕ್ಕೆ ತಿರುಗಿಸುತ್ತದೆ. ಬೇಕಾದದ್ದು 6ರ ಆಕಾರ, ಯೂನಿಕೋಡ್ ಪಟ್ಟಿಯಲ್ಲಿ ಅದರ ಸಂಕೇತ 02ಬಿಬಿ. ವಿಂಡೋಸ್‌ನಲ್ಲಿ ಹವಾಯಿ ಕೀಬೋರ್ಡ್ ಸೇರಿಸಿಕೊಂಡರೆ ಉದ್ಧರಣ ಕೀಲಿಯೇ ಒಕಿನ ಕೊಡುತ್ತದೆ. ಬಲಗಡೆಯ ಆಲ್ಟ್ ಒತ್ತಿ ಸ್ವರ ಹೊಡೆದರೆ ದೀರ್ಘದ ಗೆರೆ.

ಗೊತ್ತಿರದಿದ್ದ ಸಂಗತಿ: ಒಕಿನ ಅಲಂಕಾರವಲ್ಲ, ಗಂಟಲಲ್ಲಿ ಉಸಿರು ತಡೆಯುವ ಪೂರ್ಣ ವ್ಯಂಜನ, ಅವರ 13 ಅಕ್ಷರಗಳಲ್ಲಿ ಒಂದು. ‘ಪೌ’ ಅಂದರೆ ಮುಗಿಯಿತು. ನಡುವೆ ಒಕಿನ ಬಂದು ಎರಡೂ ಸ್ವರ ದೀರ್ಘವಾದರೆ ಲಂಗ! ನಮ್ಮ ಬಲ–ಬಾಲದ ಹಾಗೇ.